ಶುರುವಾಗುವ ಮೊದಲೇ ಮುಗಿದ ಪ್ರೋಗ್ರಾಮ್

...ಅಥವಾ ಆವತ್ತು ಅವ್ವ ಮಾಡಿದ್ದು ಅವಲಕ್ಕಿಯಲ್ಲ, ಚುರುಮುರಿ ಒಗ್ಗರಣೆಯೋ ಏನೋ. ಅವಲಕ್ಕಿ ಎಂದು ಒಮ್ಮೆ ಬರೆದುಬಿಟ್ಟರೆ ಇಡೀ ಬೆಳಗಿಗೆ ಅವಲಕ್ಕಿಯ ವಾಸನೆ ಹತ್ತುತ್ತದೆ, ಆಮೇಲೆ ನನಗೂ ಅದೇ ನಿಜ ಅನ್ನಿಸತೊಡಗುತ್ತದೆ. ನೆನಪಿನ ಮೇಲೆ ನನಗೆ ಅಂಥ ನಂಬಿಕೆ ಏನಿಲ್ಲ. ಅದು ನಮ್ಮ ಕಾಲನಿಯ ಇಸ್ತ್ರಿಯವನ ಹಾಗೆ. ಸುಕ್ಕುಗಳನ್ನೆಲ್ಲ ತೆಗೆದು ನಾಲ್ಕು ಮಡಿಕೆ ಮಾಡಿ ಕೊಡುತ್ತದೆ, ನಡುವೆ ಪಕ್ಕದ ಮನೆಯವರ ಅಂಗಿಯೊಂದನ್ನೂ ಸೇರಿಸಿರುತ್ತದೆ. ನಾವು ಅದನ್ನು ನಮ್ಮದೇ ಎಂದು ಹಾಕಿಕೊಂಡು ಓಡಾಡುತ್ತೇವೆ.

ಹಾಗಾಗಿ ತಿಂಡಿಯ ವಿಷಯ ಬಿಡಿ. ನನ್ನ ಹತ್ತಿರ ಇರುವ ಗಟ್ಟಿ ಸಾಕ್ಷಿ ಒಂದೇ ಒಂದು ಹಾಳೆ. ಮೊನ್ನೆ ಗ್ಯಾಸಿನ ಪುಸ್ತಕ ಹುಡುಕುತ್ತಿದ್ದಾಗ, ಎಂದಿನಂತೆ ಗ್ಯಾಸಿನ ಪುಸ್ತಕವೊಂದನ್ನು ಬಿಟ್ಟು ಉಳಿದದ್ದೆಲ್ಲ ಸಿಕ್ಕಿತು. ಅದರಲ್ಲಿ ನನ್ನ ಕಾಲೇಜಿನ ಜರ್ನಲ್ಲೂ ಇತ್ತು. ಪ್ರ್ಯಾಕ್ಟಿಕಲ್‌ನಲ್ಲಿ ಮಾಡಿದ್ದನ್ನೆಲ್ಲ ಬರೆದಿಡುವ, ಕಂದು ಕಾಗದದ ಹೊದಿಕೆ ಹಾಕಿದ ಪುಸ್ತಕ ಅದು. ಏಳನೆಯ ಪ್ರಯೋಗದ ಪುಟಕ್ಕೆ ಅಂಟಿಸಿದ ಪ್ರಿಂಟೌಟಿನಲ್ಲಿ, ತೆಗೆದುಕೊಂಡ ಸಮಯ ಎಂಬ ಒಕ್ಕಣೆಯ ಮುಂದೆ, ಮೈನಸ್ ಮೂರು ಲಕ್ಷ ತೊಂಬತ್ತೇಳು ಸಾವಿರದ ನಾನೂರಾ ಹನ್ನೆರಡು ಮಿಲಿಸೆಕೆಂಡು ಎಂದಿದೆ. ಕೆಳಗೆ ನನ್ನದೇ ದುಂಡು ಅಕ್ಷರದ ತೀರ್ಮಾನ: 'ಹೀಗೆ ನಾವು ಪ್ರೋಗ್ರಾಮಿಗೆ ತಗಲಿದ ಸಮಯವನ್ನು ಯಶಸ್ವಿಯಾಗಿ ಅಳೆದೆವು.' ಇಂಗ್ಲಿಷಿನಲ್ಲಿದೆ, ಅನುವಾದ ನನ್ನದು. ಯಶಸ್ವಿಯಾಗಿ ಎಂಬ ಮಾತು ಮಾತ್ರ ಸೀನಿಯರುಗಳ ಜರ್ನಲ್‌ನಿಂದ ಇಳಿಸಿಕೊಂಡದ್ದು.

ಮೈನಸ್ ಎಂದರೆ, ಲೆಕ್ಕದ ಪ್ರಕಾರ, ನನ್ನ ಪ್ರೋಗ್ರಾಮ್ ಶುರುವಾಗುವುದಕ್ಕಿಂತ ಆರೂವರೆ ನಿಮಿಷ ಮೊದಲೇ ಮುಗಿದುಹೋಗಿತ್ತು.

ಈಗ ನಾವು ಯಾರು ಎಂದು ಹೇಳಬೇಕು. ಅಪ್ಪಾ ಗದಗಿನವರು. ನಾಸಿಕ್ ಹತ್ತಿರದ ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಟೆಕ್ನೀಶಿಯನ್ ಆಗಿದ್ದರು; ನಾವು ಅಲ್ಲಿನ ಕ್ವಾರ್ಟರ್ಸಿನಲ್ಲಿ ಇದ್ದೆವು. ನಾನು ಇಂಜಿನಿಯರಿಂಗ್ ಓದುತ್ತಿದ್ದದ್ದು ಔರಂಗಾಬಾದಿನಲ್ಲಿ, ಹಾಸ್ಟೆಲ್ಲಿನಲ್ಲಿದ್ದುಕೊಂಡು. ಆ ಊರಿಗೆ ಈಗ ಛತ್ರಪತಿ ಸಂಭಾಜಿನಗರ ಎಂದು ಹೆಸರು. ನನ್ನ ಮಾರ್ಕ್ಸ್‌ಕಾರ್ಡುಗಳಲ್ಲಿ ಹಳೆಯದೇ ಇದೆ. ಆ ಮಾರ್ಕ್ಸ್‌ಕಾರ್ಡುಗಳ ಬಗ್ಗೆ ಹೆಚ್ಚು ಕೇಳಬೇಡಿ. ಜಾವಾ ನನ್ನ ಎಟಿಕೆಟಿ ವಿಷಯವಾಗಿತ್ತು. ಎಟಿಕೆಟಿ ಎಂದರೆ ಒಂದೆರಡು ವಿಷಯಗಳಲ್ಲಿ ಬಿದ್ದರೂ ಮುಂದಿನ ವರ್ಷಕ್ಕೆ ದಾಟಲು ಬಿಡುವ ಮಹಾರಾಷ್ಟ್ರದ ಕರುಣೆ. ಆ ಕರುಣೆಗೂ ಒಂದು ಕೊನೆ ಇರುತ್ತದೆ, ನಾನು ಅದರ ಕೊನೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಈ ಸಲದ ಪ್ರ್ಯಾಕ್ಟಿಕಲ್ ಹೋದರೆ ಒಂದು ಇಡೀ ವರ್ಷ ಹೋಯಿತು.

ಅದಕ್ಕೆ ಸರಿಯಾಗಿ ಅಪ್ಪಾ ಅದೇ ತಿಂಗಳ ಕೊನೆಗೆ ನಿವೃತ್ತರಾದರು. ಬೀಳ್ಕೊಡುಗೆಯ ದಿನ ಶಾಲು, ತೆಂಗಿನಕಾಯಿ, ಒಂದು ಗೋಡೆ ಗಡಿಯಾರ ಕೊಟ್ಟರಂತೆ. ನಿವೃತ್ತಿಯಾಗುವವರಿಗೆ ಗಡಿಯಾರ ಕೊಡುವ ಪದ್ಧತಿ ಯಾರು ಶುರುಮಾಡಿದರೋ. ಭಾಷಣ ಮಾಡಿ ಎಂದಾಗ ಅಪ್ಪಾ ಎರಡೇ ಮಾತು ಆಡಿದರಂತೆ: ಎಲ್ಲರಿಗೂ ನಮಸ್ಕಾರ, ಇದೇ ವರ್ಷ ನನ್ನ ಮಗಳು ಇಂಜಿನಿಯರ್ ಆಗತಾಳ. ಕಾರ್ಖಾನೆಯ ಒಂದು ಇಡೀ ವಿಭಾಗ ಇದಕ್ಕೆ ಚಪ್ಪಾಳೆ ತಟ್ಟಿತ್ತು. ಅವರಿಗೆ ನನ್ನ ಎಟಿಕೆಟಿಯ ವಿಷಯ ಗೊತ್ತಿರಲಿಲ್ಲ. ಅಪ್ಪಾಗೂ ಗೊತ್ತಿರಲಿಲ್ಲ. ಇನ್ನೂ ಸರಿಯಾಗಿ ಹೇಳಬೇಕೆಂದರೆ, ನಾನು ಹೇಳಿರಲಿಲ್ಲ.

ಏಳನೆಯ ಪ್ರಯೋಗ ಬಹಳ ಸಾಧಾರಣದ್ದು: ಕಳೆದ ಹೊತ್ತನ್ನು ಅಳೆಯುವ ಒಂದು ಕ್ಲಾಸ್ ಬರೆಯಿರಿ. ಜಾವಾದಲ್ಲಿ ಕ್ಲಾಸ್ ಎಂದರೆ ಅಚ್ಚು. ನಮ್ಮ ಸರ್ ಎಲ್ಲರಿಗೂ ಚಕ್ಕುಲಿ ಒತ್ತುವ ಅಚ್ಚಿನ ಉದಾಹರಣೆ ಕೊಟ್ಟಿದ್ದರು. ನಾವು ಪರೀಕ್ಷೆಯಲ್ಲೂ ಅದನ್ನೇ ಬರೆದೆವು, ಚಿತ್ರ ಸಹಿತ. ನನ್ನ ಅಚ್ಚಿನ ಹೆಸರು ಸ್ಟಾಪ್‌ವಾಚ್. ಒಳಗೆ ಎರಡು ಡಬ್ಬಿ. ಶುರು ಎಂದೊಡನೆ ಕಂಪ್ಯೂಟರಿನ ಗಡಿಯಾರ ನೋಡಿ ಮೊದಲ ಡಬ್ಬಿಯಲ್ಲಿ ಸಮಯ ಹಾಕಬೇಕು, ನಿಲ್ಲು ಎಂದೊಡನೆ ಮತ್ತೆ ನೋಡಿ ಎರಡನೆಯದರಲ್ಲಿ ಹಾಕಬೇಕು. ಎಷ್ಟು ಹೊತ್ತಾಯಿತು ಎಂದು ಯಾರಾದರೂ ಕೇಳಿದರೆ ಎರಡನೆಯದರಿಂದ ಮೊದಲನೆಯದನ್ನು ಕಳೆದು ಹೇಳಬೇಕು. ಮೂರನೆಯ ಇಯತ್ತೆಯ ಹುಡುಗಿಯೂ ಮಾಡುವ ಕಳೆಯುವ ಲೆಕ್ಕ. ನಾನು ಅದಕ್ಕೆ ಎರಡು ದಿನ ತೆಗೆದುಕೊಂಡೆ. ಮೊದಲನೆಯ ದಿನ ಅರ್ಧವಿರಾಮಗಳ ಜೊತೆ ಜಗಳವಾಡುವುದರಲ್ಲೇ ಹೋಯಿತು.

ಗಡಿಯಾರ ನೋಡುವುದು ಎಂದೆನಲ್ಲ, ಅದೂ ಒಂದು ವಿಚಿತ್ರ. ಕಂಪ್ಯೂಟರಿಗೆ ಹತ್ತು ಗಂಟೆ, ಹತ್ತೂವರೆ ಎಂಬುದು ನೇರವಾಗಿ ತಿಳಿಯುವುದಿಲ್ಲ. ೧೯೭೦ನೇ ಇಸವಿಯ ಜನವರಿ ಒಂದರಿಂದ ಎಷ್ಟು ಮಿಲಿಸೆಕೆಂಡು ಆಯಿತು ಎಂದು ಎಣಿಸುತ್ತಾ ಕೂತಿರುತ್ತದೆ. ಇದನ್ನು ನಾನು ದೊಡ್ಡ ಜ್ಞಾನವೆಂಬಂತೆ ಅವ್ವನಿಗೆ ಹೇಳಿದೆ.

"ಅದಕ್ಕೂ ಮದ್ಲ?" ಅಂದಳು ಅವ್ವ, ರೊಟ್ಟಿ ಬಡಿಯುತ್ತ.

"ಅದಕ್ಕೂ ಮೊದ್ಲ ಮೈನಸ್."

"ಹಂಗಾರ ನಾ ಹುಟ್ಟಿದ್ದು ಮೈನಸ್‌ನ್ಯಾಗ?"

"ಹೂಂ."

"ನಿಮ್ಮಪ್ಪಂದು ಇನ್ನೂ ಮೈನಸ್. ಛಲೋ ಆತು ಬಿಡು, ಜೋಡಿ ಕೂಡ್ತು."

ಇನ್ನು ನಮ್ಮ ಮನೆಯ ಗಡಿಯಾರಗಳು. ಓಝರ್‌ನಲ್ಲಿ ಬೆಳೆದ ಯಾರನ್ನಾದರೂ ಕೇಳಿ ಎನ್ನುವ ಧೈರ್ಯ ನನಗಿಲ್ಲ, ನಮ್ಮ ಬೀದಿಯ ಮಟ್ಟಿಗೆ ಹೇಳುತ್ತೇನೆ. ಅಲ್ಲಿ ಯಾವ ಮನೆಯ ಗಡಿಯಾರವೂ ಸರಿಯಾದ ಸಮಯ ತೋರಿಸುತ್ತಿರಲಿಲ್ಲ. ಮೊದಲ ಪಾಳಿಯ ಬಸ್ಸು ಬೆಳಗ್ಗೆ ಮೂಲೆಯಲ್ಲಿ ಬಂದು ನಿಲ್ಲುತ್ತಿತ್ತು, ನಿಲ್ಲುತ್ತಿತ್ತು ಎನ್ನುವುದಕ್ಕಿಂತ ಸ್ವಲ್ಪ ಹೊತ್ತು ಚಲಿಸುವುದನ್ನು ಮರೆಯುತ್ತಿತ್ತು. ಅದು ತಪ್ಪಬಾರದೆಂದು ಎಲ್ಲರೂ ಗಡಿಯಾರ ಮುಂದಿಟ್ಟಿದ್ದರು. ನಮ್ಮದು ಹತ್ತು ನಿಮಿಷ. ಎದುರು ಮನೆಯ ಹಿರೇಮಠ ಕಾಕಾ ಅವರದು ಹದಿನೈದು, ಏಕೆಂದರೆ ಅವರಿಗೆ ಬೂಟಿನ ಲೇಸು ಕಟ್ಟಲು ಹೊತ್ತು ಬೇಕು. ಬೀದಿಯಲ್ಲಿ ಸಮಯ ಕೇಳುವ ಕ್ರಮವೇ ಬೇರೆ ಇತ್ತು.

"ಟೈಮ್ ಎಷ್ಟಾತ್ರಿ, ಕಾಕಾ?"

"ನಮ್ಮ ಮನೀದು ಏಳೂವರಿ."

"ಖರೇ?"

"ಖರೇ ಅಂದ್ರ ಏಳೂಕಾಲು."

ಅಂದರೆ ಮುಂದಿಡುವುದರಿಂದ ಯಾರೂ ಮೋಸಹೋಗುತ್ತಿರಲಿಲ್ಲ. ನೋಡಿದೊಡನೆ ಎಲ್ಲರ ಮನಸ್ಸೂ ತಾನೇ ಕಳೆದುಬಿಡುತ್ತಿತ್ತು. ಅವ್ವನಂತೂ ಕುಕ್ಕರಿನ ಸೀಟಿಯನ್ನು ಮಾತ್ರ ನಂಬುತ್ತಿದ್ದಳು. ಕಳೆಯದೆ ಇದ್ದವರು ಅಪ್ಪಾ ಒಬ್ಬರೇ. ತಾವೇ ಮುಂದಿಟ್ಟ ಗಡಿಯಾರ ನೋಡಿ ತಾವೇ ಗಾಬರಿಯಾಗಿ ಚಹಾ ಅರ್ಧಕ್ಕೆ ಬಿಟ್ಟು ಓಡುತ್ತಿದ್ದರು.

"ಅದು ಸುಳ್ಳ ಹೇಳ್ತೈತಿ ಅಂತ ಮನೀ ಮಂದಿಗೆಲ್ಲ ಗೊತ್ತೈತಿ," ಎನ್ನುತ್ತಿದ್ದಳು ಅವ್ವ. "ಗೊತ್ತಿದ್ದ ಸುಳ್ಳಿಗೆ ಹೆದರಾವ್ರು ನೀವೊಬ್ರ ನೋಡ್ರಿ."

"ಹೆದರ್ತೇನಿ. ಬಸ್ಸು ತಪ್ಪೇತೇನು ಒಂದಿನಾ?"

ತಪ್ಪಿರಲಿಲ್ಲ. ಹಾಗಾಗಿ ನನಗೋಸ್ಕರ ಕಂಪ್ಯೂಟರ್ ಬಂದ ದಿನ ಅಪ್ಪಾ ಅದರ ಬಗ್ಗೆ ಮೊದಲು ಕಲಿತದ್ದು ಪರದೆಯ ಕೆಳಗಿನ ಬಲಮೂಲೆಯಲ್ಲಿ ಸಣ್ಣ ಗಡಿಯಾರ ಇರುತ್ತದೆ, ಅದರ ಮೇಲೆ ಎರಡು ಸಲ ಒತ್ತಿದರೆ ಮುಂದಿಡಬಹುದು ಎಂಬುದನ್ನು. ಕೊನೆಗೆ ಕಲಿತದ್ದೂ ಅದನ್ನೇ. ಹತ್ತು ನಿಮಿಷ ಮುಂದಿಟ್ಟು, ಕೈ ಒರೆಸಿಕೊಂಡು ಎದ್ದರು, ಯಂತ್ರವನ್ನು ನಮ್ಮ ಮನೆಗೆ ಸೇರಿಸಿಕೊಂಡಾಯಿತು ಎಂಬಂತೆ.

ಈಗ ಆ ಬೆಳಗು. ನಿವೃತ್ತಿಯ ಮರುದಿನ, ಒಂದನೇ ತಾರೀಖು. ನಾನು ಪರೀಕ್ಷೆಗೆ ಮುಂಚಿನ ರಜೆಯಲ್ಲಿ ಮನೆಗೆ ಬಂದಿದ್ದೆ. ನನ್ನ ಸ್ಟಾಪ್‌ವಾಚಿಗೆ ಅಳೆಯಲು ಒಂದು ಕೆಲಸ ಬೇಕಿತ್ತು. ಅಡ್ಡಾದಿಡ್ಡಿ ಅಂಕಿಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸುವ ಕೆಲಸ ಕೊಡಿ, ಹತ್ತು ಸಾವಿರ ಅಂಕಿ ಸಾಕು ಎಂದು ಸರ್ ಹೇಳಿದ್ದರು. ಹತ್ತು ಸಾವಿರಕ್ಕೆ ಕಣ್ಣು ಮಿಟುಕಿಸುವುದರೊಳಗೆ ಮುಗಿಯುತ್ತಿತ್ತು. ಅಳೆದ ಖುಷಿಯೇ ಇಲ್ಲ. ನಾನು ಎರಡು ಲಕ್ಷ ಕೊಟ್ಟೆ. ಬಡಪಾಯಿ ಕಂಪ್ಯೂಟರ್ ಗುರ್ ಎಂದು ಕೂತಿತು. ಅಷ್ಟರಲ್ಲಿ ಅವ್ವ ಕರೆದಳು, ನಾನು ಅಡುಗೆಮನೆಗೆ ಹೋಗಿ ಅವಲಕ್ಕಿಯನ್ನೋ ಚುರುಮುರಿಯನ್ನೋ ತಿಂದೆ.

ತಿನ್ನುತ್ತಿದ್ದಾಗ ಪಡಸಾಲೆಯಲ್ಲಿ ಸ್ಟೂಲು ಎಳೆದ ಸದ್ದು ಕೇಳಿತು. ಅವ್ವ ಇಣುಕಿ ನೋಡಿ, "ಏನ್ರಿ, ಗಡಿಯಾರಕ್ಕೂ ರಿಟೈರ್ಮೆಂಟ್ ಏನು?" ಅಂದಳು. ಅಪ್ಪಾ, "ಇನ್ನ ಖರೇ ಟೈಮ್‌ನ್ಯಾಗ ಇರೂಣು," ಅಂದರು. ಮನೆಯ ಒಂದೊಂದೇ ಗಡಿಯಾರ ಇಳಿಸಿ ಹಿಂದಿಡುತ್ತಿದ್ದರು. ನನಗೆ ಇದೆಲ್ಲ ಕೇಳಿಸಿತು, ಆದರೆ ಕಿವಿಯ ಹೊರಗಿನ ಅಂಗಳದಲ್ಲಿ ನಿಂತಿತು, ಒಳಗೆ ಬರಲಿಲ್ಲ. ನಾನು ಶೇಂಗಾ ಆರಿಸುತ್ತಿದ್ದೆ. ವಾಪಸು ಬಂದಾಗ ಪ್ರೋಗ್ರಾಮ್ ಮುಗಿದಿತ್ತು, ಕುರ್ಚಿ ಖಾಲಿ ಇತ್ತು, ಪರದೆಯ ಮೇಲೆ ಉತ್ತರ ಇತ್ತು. ನೋಡದೆ ಪ್ರಿಂಟ್ ಒತ್ತಿದೆ.

ನೋಡದೆ ಎಂದರೆ ತಪ್ಪಾಗುತ್ತದೆ. ನೋಡಿದ್ದೆ. ಆದರೆ ನಾವೆಲ್ಲ ಚಿಕ್ಕಂದಿನಿಂದ ಹೆಸರು ಎಂದು ಬರೆದು ಎರಡು ಚುಕ್ಕೆ, ಒಂದು ಅಡ್ಡಗೆರೆ ಎಳೆದು ಆಮೇಲೆ ಹೆಸರು ಬರೆದವರು. ಊರು, ವಿಷಯ, ದಿನಾಂಕ, ಎಲ್ಲಕ್ಕೂ ಎರಡು ಚುಕ್ಕೆ ಒಂದು ಗೆರೆ. ನನ್ನ ಕಣ್ಣು ಮೈನಸ್ಸನ್ನು ಆ ಗೆರೆ ಎಂದೇ ಓದಿಕೊಂಡಿತು. ಜರ್ನಲ್ ತಪಾಸಣೆ ಮಾಡಿ ಸಹಿ ಹಾಕಿದ ನಮ್ಮ ಸರ್ ಕಣ್ಣೂ ಹಾಗೇ ಓದಿಕೊಂಡಿತು.

ಅದು ಮೈನಸ್ ಎಂದು ಮೊದಲು ಕಂಡವಳು ಅಶ್ವಿನಿ, ನನ್ನ ಹಾಸ್ಟೆಲ್ ಕೋಣೆಯ ಜೊತೆಗಾರ್ತಿ, ವೈಜಾಪುರದ ಹುಡುಗಿ. ಪರೀಕ್ಷೆಯ ದಿನ ಲ್ಯಾಬಿನ ಹೊರಗಿನ ವರಾಂಡದಲ್ಲಿ ನಿಂತಿದ್ದೆವು. ಅವಳು ನನ್ನ ಜರ್ನಲ್ ಮಗುಚುತ್ತ, "ಅಗಂ, ಹೇ ಮೈನಸ್ ಆಹೇ!" ಎಂದಳು, ಎಲೇ, ಇದು ಮೈನಸ್ಸು! ಒಳಗೆ ಬೇರೆ ಕಾಲೇಜಿನಿಂದ ಬಂದ ಪರೀಕ್ಷಕರು ಕೂತಿದ್ದರು. ಅವರು ಜರ್ನಲ್‌ನ ಅಲ್ಪವಿರಾಮವನ್ನೂ ಬಿಡುವುದಿಲ್ಲ ಎಂಬ ಸುದ್ದಿ ಹೊರಗೆ ಬಂದಿತ್ತು. ಇನ್ನು ಮೂರು ನಂಬರಿನ ನಂತರ ನನ್ನ ಸರದಿ.

ಅಶ್ವಿನಿ ಬುದ್ಧಿವಂತೆ. "ಅದು ಚುಕ್ಕೆ-ಗೆರೆಯ ಗೆರೆ ಅಂತ ಹೇಳು, ಮುಗೀತು," ಎಂದು ಮರಾಠಿಯಲ್ಲಿ ಉಪಾಯ ಹೇಳಿದಳು. ಒಳ್ಳೆಯ ಉಪಾಯ. ಆದರೆ ಅವಳು ಹೇಳಿ ಮುಗಿಸುವುದರೊಳಗೆ ನಾನು ಅವಳದೇ ಕಂಪಾಸ್ ಪೆಟ್ಟಿಗೆಯಿಂದ ವೈಟ್‌ನರ್ ತೆಗೆದು ಮೈನಸ್ಸಿನ ಮೇಲೆ ಒಂದು ಬೊಟ್ಟು ಇಟ್ಟಾಗಿತ್ತು. ಮಾಸಲು ಕಾಗದದ ಮೇಲೆ ಹುಣ್ಣಿಮೆಯ ಚಂದ್ರನಂತೆ ಆ ಬೊಟ್ಟು ಬೆಳಗಿತು. ಮೊದಲು ಯಾರಿಗೂ ಕಾಣದ ಮೈನಸ್ ಈಗ ಬಾಗಿಲಿನಿಂದಲೇ ಕಾಣುತ್ತಿತ್ತು.

ಪರೀಕ್ಷಕರು ಜರ್ನಲ್ ತೆರೆದದ್ದೇ ಆ ಪುಟಕ್ಕೆ. ಚಂದ್ರನ ಮೇಲೆ ಬೆರಳಿಟ್ಟು, "ಹ್ಯಾಚ್ಯಾ ಖಾಲೀ ಕಾಯ್ ಆಹೇ?" ಎಂದು ಕೇಳಿದರು, ಇದರ ಕೆಳಗೆ ಏನಿದೆ?

"ಕಾಹೀ ನಾಹೀ, ಸರ್." ಏನೂ ಇಲ್ಲ.

ಅವರು ಹೆಬ್ಬೆರಳಿನ ಉಗುರಿನಿಂದ ನಿಧಾನವಾಗಿ ಕೆರೆದರು. ಮೈನಸ್ ಹೊರಗೆ ಬಂತು, ಸ್ನಾನ ಮಾಡಿ ಬಂದಂತೆ ಸ್ವಚ್ಛವಾಗಿ. ಅವರು ಅದನ್ನೂ, ಕೆಳಗಿನ 'ಯಶಸ್ವಿಯಾಗಿ'ಯನ್ನೂ, ನನ್ನನ್ನೂ ಒಂದೊಂದು ಸಲ ನೋಡಿದರು. ಮುಂದಿನ ಮಾತೆಲ್ಲ ಮರಾಠಿಯಲ್ಲೇ ನಡೆಯಿತು, ನಾನು ಕನ್ನಡದಲ್ಲಿ ಹೇಳುತ್ತೇನೆ.

"ನಿನ್ನ ಪ್ರೋಗ್ರಾಮ್ ಟೈಮ್ ಯಾರನ್ನು ಕೇಳಿತು?"

"ಕಂಪ್ಯೂಟರಿನ ಗಡಿಯಾರವನ್ನು, ಸರ್."

"ಪ್ರೋಗ್ರಾಮ್ ನಡೆಯುತ್ತಿರುವಾಗ ಯಾರಾದರೂ ಆ ಗಡಿಯಾರವನ್ನೇ ಹಿಂದಿಟ್ಟರೆ?"

ಆಗ, ಕಿವಿಯ ಅಂಗಳದಲ್ಲಿ ಅಷ್ಟು ದಿನ ನಿಂತಿದ್ದ ಸ್ಟೂಲಿನ ಸದ್ದು ಒಳಗೆ ಬಂತು. ಪಡಸಾಲೆಯ ಗಡಿಯಾರ, ಅಡುಗೆಮನೆಯದು, ಕೈಗಡಿಯಾರ, ಆಮೇಲೆ ಪರದೆಯ ಬಲಮೂಲೆ. ನನ್ನ ಸ್ಟಾಪ್‌ವಾಚ್ ಮೊದಲ ಡಬ್ಬಿಗೆ ಸಮಯ ಹಾಕಿಕೊಂಡದ್ದು ಅಪ್ಪನ ಕಾರ್ಖಾನೆಯ ಸಮಯದಲ್ಲಿ, ಎರಡನೆಯದಕ್ಕೆ ಹಾಕಿಕೊಂಡದ್ದು ಖರೇ ಟೈಮಿನಲ್ಲಿ.

"ಸರ್, ನಮ್ಮಪ್ಪ ರಿಟೈರ್ ಆದರು," ಎಂದೆ.

"ಅದಕ್ಕೂ ಇದಕ್ಕೂ ಏನು ಸಂಬಂಧ?"

ಸಂಬಂಧ ಹೇಳಿದೆ. ಬಸ್ಸಿನಿಂದ ಶುರುಮಾಡಿ ಹಿರೇಮಠ ಕಾಕಾರ ಬೂಟಿನ ಲೇಸಿನವರೆಗೂ ಹೇಳಿದೆ ಎಂದು ಕಾಣುತ್ತದೆ. ಅವರು ಕೇಳುತ್ತ ಕೇಳುತ್ತ ತಮ್ಮ ಎಡಗೈಯನ್ನು, ಗಡಿಯಾರ ಕಟ್ಟಿದ್ದನ್ನು, ಮೆಲ್ಲಗೆ ಮೇಜಿನ ಕೆಳಗೆ ಇಳಿಸಿದರು. ನಿಮ್ಮದು ಎಷ್ಟು ನಿಮಿಷ ಮುಂದಿದೆ ಸರ್ ಎಂದು ಕೇಳುವ ಆಸೆಯಾಯಿತು. ಎಟಿಕೆಟಿಯವರು ಹಾಗೆಲ್ಲ ಕೇಳಬಾರದು.

ಆಮೇಲೆ ಪೆನ್ಸಿಲ್ ತೆಗೆದು ಜರ್ನಲ್‌ನ ಅಂಚಿನಲ್ಲಿ ನ್ಯಾನೋಟೈಮ್ ಎಂದು ಬರೆದರು. ನನಗೆ ಅದು ಗೊತ್ತಿರಲಿಲ್ಲ. ನನ್ನ ಪುಸ್ತಕ ಸೀನಿಯರ್ ಒಬ್ಬಳದು, ಅದು ಅಚ್ಚಾಗುವಾಗ ಜಾವಾದಲ್ಲಿ ಆ ಸೌಕರ್ಯವೇ ಇರಲಿಲ್ಲ. "ಇದಕ್ಕೆ ಎಷ್ಟು ಗಂಟೆಯಾಯಿತು ಎಂದು ಗೊತ್ತಿಲ್ಲ. ಎಷ್ಟು ಹೊತ್ತು ಕಳೆಯಿತು ಎಂದಷ್ಟೇ ಗೊತ್ತು. ನಿಮ್ಮಪ್ಪ ಮನೆಯ ಗಡಿಯಾರಗಳನ್ನೆಲ್ಲ ತಿರುಗಿಸಿದರೂ ಇದು ತಿರುಗುವುದಿಲ್ಲ. ಹೋಗು, ಈಗ ಇಲ್ಲೇ ಮಾಡಿ ತೋರಿಸು. ಹದಿನೈದು ನಿಮಿಷ."

ಎರಡು ಕಡೆ ಹೆಸರು ಬದಲಿಸುವ ಕೆಲಸ. ಬದಲಿಸಿ ಓಡಿಸಿದೆ. ಓಡಿಸಿದ ಮೇಲೆ ನೆನಪಾಯಿತು, ಎರಡು ಲಕ್ಷವನ್ನು ಹತ್ತು ಸಾವಿರ ಮಾಡಿರಲಿಲ್ಲ. ಲ್ಯಾಬಿನ ಕಂಪ್ಯೂಟರ್ ಗುರ್ ಎಂದಿತು. ಪರೀಕ್ಷಕರು ಬಂದು ಬೆನ್ನ ಹಿಂದೆ ನಿಂತರು. ಪರದೆ ಕಪ್ಪಗೇ ಇತ್ತು. ಹನ್ನೊಂದೂವರೆಗೆ ಲೋಡ್‌ಶೆಡ್ಡಿಂಗ್, ಕರೆಂಟು ಹೋದರೆ ನನ್ನ ವರ್ಷವೂ ಅದರ ಜೊತೆ ಹೋಗುತ್ತಿತ್ತು. ಅವರು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸಿದರು.

"ಕಿತೀ ವೇಳ್ ಲಾಗೇಲ್?" ಎಷ್ಟು ಹೊತ್ತಾಗುತ್ತದೆ?

"ತೇಚ್ ಮೋಜತೋಯ್, ಸರ್." ಅದನ್ನೇ ಅಳೆಯುತ್ತಿದೆ, ಸರ್.

ಉದ್ಧಟತನದಿಂದ ಹೇಳಿದ್ದಲ್ಲ, ಆಣೆ ಮಾಡಿ ಹೇಳುತ್ತೇನೆ. ಸಾಲಿನ ಹಿಂದಿನಿಂದ ಯಾರೋ ಕಿಸಕ್ಕೆಂದರು. ಅಷ್ಟರಲ್ಲಿ ಉದ್ದನೆಯ ಅಂಕಿಯೊಂದು ಬಂತು. ನ್ಯಾನೋಸೆಕೆಂಡು ಎಂದರೆ ಸೆಕೆಂಡಿನ ನೂರು ಕೋಟಿಯ ಒಂದು ಪಾಲು. ಪರೀಕ್ಷಕರು ಪೆನ್ನಿನ ತುದಿಯಿಂದ ಬಿಡಿ, ಹತ್ತು, ನೂರು ಎಂದು ಎಣಿಸಿಕೊಂಡು ಹೋದರು. ಮೈನಸ್ ಇರಲಿಲ್ಲ. ಎಡಗಡೆ ಎರಡು ಸಲ ನೋಡಿದೆ.

ಐವತ್ತಕ್ಕೆ ಇಪ್ಪತ್ತೊಂದು ಕೊಟ್ಟರು. ಇಪ್ಪತ್ತಕ್ಕೆ ಪಾಸು.

ಇದು ನನ್ನ ಆವೃತ್ತಿ. ಜರ್ನಲ್ ಸಿಕ್ಕ ಮೇಲೆ ಅಶ್ವಿನಿಗೆ ಫೋನ್ ಮಾಡಿ ಓದಿ ಹೇಳಿದೆ. ಅವಳು ನಕ್ಕು, ವೈಟ್‌ನರ್ ಖರೆ, ಉಗುರೂ ಖರೆ, ಆದರೆ ನೀನು ಅಪ್ಪನ ಬಗ್ಗೆ ಒಂದು ಅಕ್ಷರವೂ ಹೇಳಲಿಲ್ಲ ಎಂದಳು. "ನೀನು ಅತ್ತೆ. ಸರ್ ಗಾಬರಿಯಾಗಿ ನೀರು ತರಿಸಿದರು. ಮೇಲಾಗಿ ನಾನೇ ನಿನಗೆ ನ್ಯಾನೋಟೈಮ್ ಪಿಸುಗುಟ್ಟಿದ್ದು." ಅಂಚಿನ ಪೆನ್ಸಿಲ್ ಅಕ್ಷರ ನನ್ನ ಮುಂದೆಯೇ ಇದೆ, ಅದು ಅಶ್ವಿನಿಯ ಅಕ್ಷರವೂ ಇರಬಹುದು. ನಾನು ಪಾಸಾದದ್ದು ಆ ಎರಡು ಸಾಲಿನ ತಿದ್ದುಪಡಿಯಿಂದಲೋ, ಅಪ್ಪನ ನಿವೃತ್ತಿಯ ಕಥೆಯಿಂದಲೋ, ಕಣ್ಣೀರಿನಿಂದಲೋ, ನಿರ್ಧರಿಸಲು ಬೇರೆ ದಾರಿ ಇಲ್ಲ.

ಉಳಿದದ್ದು ಅಪ್ಪಾ ಒಬ್ಬರು. ಎಟಿಕೆಟಿಯ ವಿಷಯ ಅವರಿಗೆ ನಾನು ಹೇಳಿದ್ದು ಡಿಗ್ರಿ ಕೈಗೆ ಬಂದ ಮೇಲೆ. ಹೂಂ ಎಂದಿದ್ದರು, ಅಷ್ಟೇ. ಗಡಿಯಾರದ ವಿಷಯ ಮಾತ್ರ ಕೇಳಿರಲಿಲ್ಲ. ಮೊನ್ನೆ ಫೋನಿನಲ್ಲಿ ಕೇಳಿದೆ.

"ಅಪ್ಪಾ, ರಿಟೈರಾದ ಮರುದಿನ ಕಂಪ್ಯೂಟರಿನ ಗಡಿಯಾರ ಹಿಂದಿಟ್ಟಿದ್ರೇನ್ರಿ ನೀವು?"

"ಇಟ್ಟಿದ್ದೆ."

"ಎಷ್ಟು?"

"ಹತ್ತು ನಿಮಿಷ."

"ಬರೋಬರಿ ಹತ್ತು?"

"ಬರೋಬರಿ ಅಂದ್ರ... ಒಮ್ಮೆ ಹಿಂದಿಟ್ಟೆ. ಮತ್ತ ಮುಂದಿಟ್ಟೆ. ಮತ್ತ ಹಿಂದಿಟ್ಟೆ."

"ಯಾಕ್ರಿ?"

"ಹಿಂಗ. ನೋಡೂಣು ಅಂತ."

"ಎಷ್ಟು ಸಲ?"

"ಅದನ್ನ ಯಾರು ಎಣಿಸ್ತಾರವಾ," ಅಂದರು. ಹಿಂದಿನಿಂದ ಅವ್ವ, ಏನಂತ ಆಕೀದು ಎಂದು ಕೇಳುತ್ತಿದ್ದಳು.

ಹತ್ತು ನಿಮಿಷವೆಂದೇ ಹಿಡಿದು ಮೈನಸ್ಸನ್ನು ತೀರಿಸಿದರೆ ನನ್ನ ಪ್ರೋಗ್ರಾಮಿಗೆ ಮೂರು ನಿಮಿಷ ಇಪ್ಪತ್ತೆರಡೂವರೆ ಸೆಕೆಂಡು ಹಿಡಿದಂತಾಗುತ್ತದೆ. ಆದರೆ ಪ್ರತಿ ಸಲ ಹಿಂದಿಡುವಾಗ ಮುಂದಿಡುವಾಗ ಕೆಲವು ಸೆಕೆಂಡು ಅತ್ತಿತ್ತ ಆಗಿರುತ್ತವೆ, ಅವು ಎಷ್ಟೆಂದು ಹಾಳೆಯಲ್ಲಿ ಇಲ್ಲ. ಎರಡು ಲಕ್ಷ ಅಂಕಿಗಳನ್ನು ಜೋಡಿಸಲು ಆವತ್ತು ನಿಜಕ್ಕೂ ಎಷ್ಟು ಹೊತ್ತು ಹಿಡಿಯಿತೋ ನನಗೆ ಗೊತ್ತಿಲ್ಲ. ಅಷ್ಟು ಹೊತ್ತು ಅಪ್ಪಾ ಆ ಕುರ್ಚಿಯಲ್ಲಿ ಕೂತು, ಯಾವ ಬಸ್ಸಿಗೂ ಹೋಗಬೇಕಿಲ್ಲದ ಬೆಳಗಿನಲ್ಲಿ, ಹತ್ತು ನಿಮಿಷವನ್ನು ಹಿಂದಕ್ಕೂ ಮುಂದಕ್ಕೂ ಸರಿಸುತ್ತ ಏನು ನೋಡುತ್ತಿದ್ದರೋ, ಅದೂ ಗೊತ್ತಿಲ್ಲ.